ಕಾಲವನ್ನು ಎಣಿಸಿದ ಬೆಂಗೆಲ್ ಪಂಡಿತರ ಚರಿತ್ರೆ

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಇರುವ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಬ್ಬ ರೈತನಿದ್ದಾನೆ. ಆತನು ಸಾಲ ತಂದು ಒಂದು ಎಕರೆ ಭೂಮಿಯಲ್ಲಿ ಅಡಿಕೆ ಸಸಿಗಳಿಗಾಗಿ ಗುಂಡಿಗಳನ್ನು ತೋಡಿಸಿದ್ದನು. ಅಷ್ಟರಲ್ಲಿ ಯಾರೋ ಒಬ್ಬ ಪ್ರಸಂಗಿಯು ಪ್ರಕಟನೆಯ ಪುಸ್ತಕದ ಸಂಖ್ಯೆಗಳನ್ನು ಕೂಡಿಸಿ ಗುಣಿಸಿ, ಲೋಕದ ಅಂತ್ಯಕ್ಕೆ ಇನ್ನು ಮೂರೇ ವರುಷಗಳಿವೆ ಎಂದು ಹೇಳಿದ್ದನ್ನು ಆತನು ತನ್ನ ಫೋನಿನಲ್ಲಿ ಕೇಳಿದನು. ಅಡಿಕೆಯ ಗಿಡವು ಫಲ ಕೊಡುವದಕ್ಕೆ ಐದಾರು ವರುಷಗಳು ಬೇಕು. ಹೀಗಿರಲಾಗಿ ಆತನು ಸಸಿಗಳನ್ನು ತರಲಿಲ್ಲ. ಗುಂಡಿಗಳು ಮಳೆಯ ನೀರು ತುಂಬಿಕೊಂಡು ಹಾಗೆಯೇ ಬಿದ್ದಿದ್ದವು. ಒಂದು ಸಾಯಂಕಾಲ ಉಪದೇಶಿಯಾದ ನಾನು ಆ ಮನೆಗೆ ಹೋದಾಗ, ನೆಡಲೋ ಬಿಡಲೋ ಎಂದು ಆತನು ನನ್ನನ್ನು ಕೇಳಿದನು. ಆ ದಿನವನ್ನು ಯಾರೂ ಅರಿಯರೆಂದು ನಮ್ಮ ಕರ್ತನು ಬೋಧಿಸಿದ ಭಾಗವನ್ನು ನಾನು ಓದಿ, ಪ್ರಾರ್ಥನೆ ಮಾಡಿ ಬಂದೆನು. ಆದರೆ ಆತನ ಮನಸ್ಸು ಸಮಾಧಾನಗೊಳ್ಳಲಿಲ್ಲವೆಂದು ಮುಖದಿಂದಲೇ ತಿಳಿಯಿತು. ಈ ಉಪದೇಶಿಗೆ ಲೆಕ್ಕ ಬಾರದು, ಆದದರಿಂದ ಹೀಗೆ ಹೇಳುತ್ತಾನೆ ಎಂದು ಆತನು ಎಣಿಸಿದಂತೆ ತೋರಿತು.

ಆದಕಾರಣ ಲೆಕ್ಕವನ್ನು ಬಲ್ಲವರೊಬ್ಬರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ. ಪ್ರಕಟನೆಯ ಸಂಖ್ಯೆಗಳನ್ನು ಅವರಷ್ಟು ಶ್ರಮಪಟ್ಟು, ಅವರಷ್ಟು ಭಯಭಕ್ತಿಯಿಂದ ಎಣಿಸಿದವರು ಸಭೆಯಲ್ಲಿ ಬಹು ಕಡಿಮೆ. ಅವರ ಹೆಸರು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ನಮ್ಮ ಹಳ್ಳಿಗಳಲ್ಲಿ ಈ ಹೆಸರನ್ನು ಕೇಳಿದವರು ವಿರಳವಾದರೂ, ಕನ್ನಡ ಸೀಮೆಗೆ ಸುವಾರ್ತೆಯನ್ನು ತಂದ ಎರಡು ಮಿಶನ್‌ಗಳ ಬೇರುಗಳು ಅವರ ಪುಸ್ತಕಗಳ ವರೆಗೆ ಹೋಗುತ್ತವೆ ಎಂಬದನ್ನು ವಾಚಕರು ಮುಂದೆ ಕಾಣುವರು.

ಬೆಂಗೆಲರು ೧೬೮೭ನೇ ಇಸವಿ ಜೂನ್ ೨೪ರಂದು ಜರ್ಮನಿಯ ದಕ್ಷಿಣ ಭಾಗದ ವ್ಯುರ್ಟೆಂಬೆರ್ಗ್ ಎಂಬ ಸೀಮೆಯಲ್ಲಿ, ವಿನ್ನೆಂಡೆನ್ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ತಂದೆಯು ಆ ಊರಿನ ಸಭೆಯಲ್ಲಿ ಸಹಾಯಕ ಬೋಧಕನು. ೧೬೯೩ರಲ್ಲಿ, ಹುಡುಗನಿಗೆ ಇನ್ನೂ ಆರು ವರುಷವಾಗಿರುವಾಗ, ತಂದೆಯು ತೀರಿಕೊಂಡನು. ಅದೇ ವರುಷ ಫ್ರೆಂಚ್ ದಂಡು ಆ ಸೀಮೆಯ ಮೇಲೆ ಬಿದ್ದು ಊರುಗಳನ್ನು ಸುಟ್ಟಿತು. ಬೆಂಗೆಲರ ಮನೆಯೂ ತಂದೆಯು ಕೂಡಿಸಿದ್ದ ಪುಸ್ತಕಗಳೂ ಬೂದಿಯಾದವು. ಯುದ್ಧ, ರೋಗ, ಬೆಂಕಿ, ಮರಣ ಇವುಗಳನ್ನು ಇತರರು ಪ್ರಕಟನೆಯಲ್ಲಿ ಓದುತ್ತಾರೆ. ಈ ಬಾಲಕನಾದರೋ ಓದಲು ಕಲಿಯುವ ವಯಸ್ಸಿನಲ್ಲಿಯೇ ಅವನ್ನು ಕಣ್ಣಾರೆ ಕಂಡನು. ಸ್ಪಿಂಡ್ಲರ್ ಎಂಬ ಉಪಾಧ್ಯಾಯನು ತಂದೆಯಿಲ್ಲದ ಈ ಮಗುವನ್ನು ತನ್ನ ಮನೆಗೆ ಕರೆದುಕೊಂಡು ಸ್ವಂತ ಮಗನಂತೆ ಸಾಕಿ ಓದಿಸಿದನು. ಹತ್ತು ವರುಷಗಳಾದ ಮೇಲೆ ತಾಯಿಯು ಮತ್ತೊಂದು ಮದುವೆಯಾಗಲು, ಮಲತಂದೆಯ ಸಹಾಯದಿಂದ ೧೭೦೩ರಲ್ಲಿ ಬೆಂಗೆಲರು ಟ್ಯುಬಿಂಗೆನ್ ಎಂಬ ಪಟ್ಟಣದ ದೊಡ್ಡ ವಿದ್ಯಾಶಾಲೆಯನ್ನು ಸೇರಿದರು.

ಅಲ್ಲಿ ಅವರಿಗೆ ಒಂದು ದೊಡ್ಡ ಶೋಧನೆ ಬಂತು. ಅಚ್ಚಿನ ಯಂತ್ರವು ಬರುವದಕ್ಕೆ ಮೊದಲು ಸತ್ಯವೇದವನ್ನು ಕೈಯಿಂದಲೇ ನಕಲು ಮಾಡುತ್ತಿದ್ದರು. ನಮ್ಮ ದೇಶದ ಓಲೆಗರಿಯ ಗ್ರಂಥಗಳನ್ನು ನಕಲು ಮಾಡಿದವರು ಒಂದು ಅಕ್ಷರವನ್ನು ಬಿಟ್ಟು, ಮತ್ತೊಂದನ್ನು ಸೇರಿಸಿ, ಒಂದು ಸಾಲನ್ನು ಎರಡು ಸಾರಿ ಬರೆದದ್ದುಂಟಷ್ಟೆ. ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳಲ್ಲಿಯೂ ಹಾಗೆಯೇ ನಡೆದಿತ್ತು. ೧೭೦೭ರಲ್ಲಿ ಇಂಗ್ಲೆಂಡಿನ ಮಿಲ್ ಎಂಬ ಪಂಡಿತನು ಪ್ರತಿಗಳನ್ನು ಹೋಲಿಸಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥಾ ಪಾಠಭೇದಗಳು ಸುಮಾರು ೩೦,೦೦೦ ಇದ್ದವು. ಅನೇಕರು ಇದನ್ನು ಕೇಳಿ ಬೆಚ್ಚಿದರು. ಕೆಲವರು ಇನ್ನು ದೇವರ ವಾಕ್ಯವನ್ನು ನಂಬುವದು ಹೇಗೆಂದು ಹಾಸ್ಯಮಾಡಿದರು. ಯೌವನಸ್ಥರಾಗಿದ್ದ ಬೆಂಗೆಲರ ಮನಸ್ಸು ಈ ಭೇದಗಳ ವಿಷಯವಾಗಿ ಬಹಳವಾಗಿ ಕಲಕಿತು. ಆದರೆ ಅವರು ಕಣ್ಣು ಮುಚ್ಚಿಕೊಂಡು ನಂಬುತ್ತೇನೆ ಎನ್ನಲೂ ಇಲ್ಲ, ನಂಬಿಕೆಯನ್ನು ಬಿಟ್ಟುಬಿಡಲೂ ಇಲ್ಲ. ಆ ಭೇದಗಳನ್ನು ಒಂದೊಂದಾಗಿ ತಾವೇ ಪರಿಶೀಲಿಸುವೆವೆಂದು ನಿಶ್ಚಯಿಸಿದರು.

೧೭೧೩ರಲ್ಲಿ ಅವರು ಜರ್ಮನಿಯ ವಿದ್ಯಾಶಾಲೆಗಳನ್ನು ನೋಡುವದಕ್ಕಾಗಿ ಪ್ರಯಾಣಮಾಡಿ ಹಾಲೆ ಪಟ್ಟಣಕ್ಕೂ ಹೋದರು. ೧೭೦೬ರಲ್ಲಿ ತರಂಗಂಬಾಡಿಗೆ ಬಂದು ತಮಿಳರಿಗೆ ಸುವಾರ್ತೆಯನ್ನು ಸಾರಿದ ಸೀಗನ್‌ಬಾಲ್ಗ್ ಎಂಬವನು ಕಲಿತದ್ದು ಆ ಪಟ್ಟಣದಲ್ಲಿಯೇ. ಅನಾಥಮಕ್ಕಳ ಶಾಲೆಯನ್ನೂ ಬಡವರ ಸೇವೆಯನ್ನೂ ಅಲ್ಲಿ ಕಂಡು, ಕ್ರೈಸ್ತಭಕ್ತಿಯು ಒಬ್ಬೊಬ್ಬನ ಕೊಠಡಿಯೊಳಗಿನ ಪ್ರಾರ್ಥನೆಯಿಂದಲೇ ಮುಗಿಯತಕ್ಕದ್ದಲ್ಲ, ಒಟ್ಟಾಗಿ ಮಾಡುವ ಕೆಲಸವೂ ಆಗಿದೆ ಎಂಬದನ್ನು ಅವರು ಕಲಿತುಕೊಂಡರು. ಅದೇ ವರುಷ ಡೆಂಕೆಂಡೋರ್ಫ್ ಎಂಬ ಸ್ಥಳದ ಮಠದ ಶಾಲೆಯಲ್ಲಿ ಉಪಾಧ್ಯಾಯರಾಗಿ ನೇಮಕವಾದರು. ಮುಂದೆ ಬೋಧಕರಾಗಬೇಕಾದ ಹುಡುಗರು ಅಲ್ಲಿ ಲಾಟಿನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿಯುತ್ತಿದ್ದರು. ಇನ್ನೂ ಮೀಸೆ ಮೂಡದ ಆ ಹುಡುಗರ ಮಧ್ಯದಲ್ಲಿ ಬೆಂಗೆಲರು ೨೮ ವರುಷ ಇದ್ದರು. ದೊಡ್ಡ ಪದವಿಗಳು ಕರೆದರೂ ಬಹು ಕಾಲ ಆ ಶಾಲೆಯನ್ನು ಬಿಡಲಿಲ್ಲ.

ಅವರ ಮನೆಯೂ ದುಃಖಕ್ಕೆ ಹೊರತಾಗಿರಲಿಲ್ಲ. ೧೭೧೪ರಲ್ಲಿ ಮದುವೆಯಾದ ಅವರಿಗೆ ೧೨ ಮಂದಿ ಮಕ್ಕಳು ಹುಟ್ಟಿದರು; ಅವರಲ್ಲಿ ಆರು ಮಂದಿ ಎಳೆತನದಲ್ಲಿಯೇ ತೀರಿಹೋದರು. ಕಣ್ಣೀರೆಲ್ಲಾ ಒರಸಲ್ಪಡುವ ಪಟ್ಟಣದ ವಿಷಯವಾಗಿ ಪ್ರಕಟನೆಯ ಕೊನೆಯಲ್ಲಿ ಬರೆದಿರುವದನ್ನು ಅವರು ಪ್ರಸಂಗ ಪೀಠದಲ್ಲಿ ಮಾತ್ರವಲ್ಲ, ಆರು ಸಣ್ಣ ಗೋರಿಗಳ ಬಳಿಯಲ್ಲಿಯೂ ಓದಬೇಕಾಯಿತು.

ಪಾಠಭೇದಗಳ ಕೆಲಸವು ೧೭೩೪ರಲ್ಲಿ ಮುಗಿದು, ಅವರು ಶೋಧಿಸಿದ ಗ್ರೀಕ್ ಹೊಸ ಒಡಂಬಡಿಕೆಯು ಅಚ್ಚಾಯಿತು. ಎರಡು ಪ್ರತಿಗಳು ಒಂದಕ್ಕೊಂದು ಒಪ್ಪದಿರುವಾಗ, ಓದುವದಕ್ಕೆ ಕಠಿಣವಾದ ಪಾಠವೇ ಹೆಚ್ಚಾಗಿ ಮೂಲದ್ದೆಂದು ಅವರು ಒಂದು ಸೂತ್ರವನ್ನು ಕಂಡುಹಿಡಿದರು. ಯಾಕಂದರೆ ನಕಲು ಮಾಡುವವನು ಕಠಿಣವಾದದ್ದನ್ನು ಸುಲಭ ಮಾಡುವನೇ ಹೊರತು, ಸುಲಭವಾದದ್ದನ್ನು ಬೇಕೆಂದು ಕಠಿಣ ಮಾಡನು. ಈ ಹೊತ್ತಿಗೂ ಸತ್ಯವೇದದ ಪಂಡಿತರು ಈ ಸೂತ್ರವನ್ನು ಉಪಯೋಗಿಸುತ್ತಾರೆ. ವರುಷಗಟ್ಟಲೆ ಪರೀಕ್ಷಿಸಿದ ತರುವಾಯ, ಇಷ್ಟು ಭೇದಗಳಿದ್ದರೂ ನಂಬಿಕೆಯ ಒಂದು ಮೂಲಾಂಶವಾದರೂ ಅಲುಗಾಡುವದಿಲ್ಲವೆಂದು ಅವರಿಗೆ ದೃಢವಾಯಿತು. ಸಂಶಯವನ್ನು ಮುಚ್ಚಿಟ್ಟು ಈ ದೃಢತೆಯನ್ನು ಪಡೆದವರಲ್ಲ. ಸಂಶಯವನ್ನು ಬೆಳಕಿಗೆ ತಂದು ಪಡೆದವರು. ೧೭೪೨ರಲ್ಲಿ ಗ್ನೋಮೋನ್ ಎಂಬ ಹೆಸರುಳ್ಳ ವ್ಯಾಖ್ಯಾನವನ್ನು ಪ್ರಕಟಿಸಿದರು. ಬಿಸಿಲ ಗಡಿಯಾರದಲ್ಲಿ ನೆರಳನ್ನು ಬೀಳಿಸಿ ಹೊತ್ತನ್ನು ತೋರಿಸುವ ಕಡ್ಡಿಗೆ ಗ್ರೀಕ್ ಭಾಷೆಯಲ್ಲಿ ಆ ಹೆಸರು. ತಮ್ಮ ಪುಸ್ತಕವು ಓದುವವನಿಗೆ ವೇದವಾಕ್ಯವನ್ನು ಬೆರಳಿಟ್ಟು ತೋರಿಸುವ ಕಡ್ಡಿಯಾಗಿರಲಿ ಎಂಬದೇ ಅವರ ಉದ್ದೇಶವು.

ಈಗ ಅವರ ಲೆಕ್ಕದ ಸಂಗತಿಗೆ ಬರೋಣ. ೧೭೨೪ರಲ್ಲಿ ಕರ್ತನ ಆಗಮನದ ಮೊದಲನೆಯ ಆದಿತ್ಯವಾರಕ್ಕಾಗಿ ಪ್ರಸಂಗವನ್ನು ಸಿದ್ಧಮಾಡುತ್ತಿರುವಾಗ, ಪ್ರಕಟನೆಯ ೧೩ನೇ ಅಧ್ಯಾಯದ ಮೃಗದ ಸಂಖ್ಯೆಯಾದ ೬೬೬ರ ಅರ್ಥವು ಫಕ್ಕನೆ ಹೊಳೆದಂತೆ ಅವರಿಗೆ ತೋರಿತು. ಅದೇ ಅಧ್ಯಾಯದಲ್ಲಿ ಮೃಗಕ್ಕೆ ೪೨ ತಿಂಗಳ ಅಧಿಕಾರವು ಕೊಡಲ್ಪಟ್ಟಿತೆಂದು ಬರೆದದೆಯಲ್ಲವೇ? ೬೬೬ ಎಂಬದು ವರುಷಗಳ ಸಂಖ್ಯೆಯೆಂತಲೂ, ಆ ೬೬೬ ವರುಷಗಳೂ ಈ ೪೨ ತಿಂಗಳುಗಳೂ ಒಂದೇ ಕಾಲವೆಂತಲೂ ಅವರು ತಿಳಿದರು. ಹಾಗಾದರೆ ಪ್ರವಾದನೆಯ ಒಂದು ತಿಂಗಳು ಹದಿನಾರು ವರುಷಕ್ಕಿಂತ ಸ್ವಲ್ಪ ಕಡಿಮೆ. ಪ್ರವಾದನೆಯ ಒಂದು ದಿವಸವು ಸುಮಾರು ಅರ್ಧ ವರುಷ. ಈ ಅಳತೆಗೋಲನ್ನು ಹಿಡಿದು ಅವರು ಪ್ರಕಟನೆಯ ಎಲ್ಲಾ ಕಾಲಗಳನ್ನೂ ಅಳೆದರು. ಆ ಕಾಲದ ಪ್ರೊಟೆಸ್ಟೆಂಟರಲ್ಲಿ ಅನೇಕರಂತೆ ಅವರೂ ಮೃಗವೆಂದರೆ ರೋಮಿನ ಪೋಪರ ಅಧಿಕಾರವೆಂದು ಎಣಿಸಿದರು. ಕೊನೆಗೆ ೧೮೩೬ನೇ ಇಸವಿ ಜೂನ್ ೧೮ರಂದು ಮೃಗವು ನಾಶವಾಗಿ ಸಾವಿರ ವರುಷಗಳ ಕಾಲವು ಆರಂಭವಾಗುವದೆಂದು ಲೆಕ್ಕವು ಬಂದು ನಿಂತಿತು. ೧೭೪೦ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ೧೭೪೭ರಲ್ಲಿ ಸಾಮಾನ್ಯ ಜನರಿಗಾಗಿ ಪ್ರಕಟನೆಯ ವಿಷಯವಾದ ೬೦ ಪ್ರಸಂಗಗಳನ್ನೂ ಅಚ್ಚುಮಾಡಿಸಿದರು.

ಆದರೆ ಇಲ್ಲಿ ವಾಚಕರು ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಬೆಂಗೆಲರು ತಮ್ಮ ಲೆಕ್ಕವನ್ನು ದೇವರ ವಾಕ್ಯವೆಂದು ಹೇಳಿಕೊಳ್ಳಲಿಲ್ಲ. ೧೮೩೬ನೇ ವರುಷವು ಯಾವ ದೊಡ್ಡ ಮಾರ್ಪಾಟೂ ಇಲ್ಲದೆ ಕಳೆದುಹೋದರೆ ತಮ್ಮ ಕ್ರಮದಲ್ಲಿ ಒಂದು ಮುಖ್ಯ ತಪ್ಪು ಇರಲೇಬೇಕೆಂತಲೂ, ಆಗ ಜನರು ಆ ತಪ್ಪು ಎಲ್ಲಿದೆಯೆಂದು ಹುಡುಕಬೇಕೆಂತಲೂ ಅವರೇ ಬರೆದಿಟ್ಟರು. ಈಗಿನ ಕಾಲದಲ್ಲಿ ವರುಷಗಳನ್ನು ಸಾರುವ ಪ್ರಸಂಗಿಗಳಲ್ಲಿ ಇಂಥಾ ಮಾತನ್ನು ಸೇರಿಸಿ ಹೇಳುವವನನ್ನು ನಾನು ಈ ವರೆಗೆ ಕೇಳಲಿಲ್ಲ.

ಅವರ ಅಂತ್ಯಕಾಲದ ಸಂಗತಿಯು ಎಲ್ಲಕ್ಕಿಂತಲೂ ಬೋಧಪ್ರದವಾಗಿದೆ. ೧೭೪೧ರಲ್ಲಿ ಶಾಲೆಯನ್ನು ಬಿಟ್ಟು ಹೆರ್ಬ್ರೆಖ್ಟಿಂಗೆನ್ ಎಂಬಲ್ಲಿ ಮೇಲ್ವಿಚಾರಕರಾಗಿ, ೧೭೪೯ರಲ್ಲಿ ಇನ್ನೂ ದೊಡ್ಡ ಪದವಿಗೆ ಏರಿದರು. ರಾತ್ರಿಯ ಹೊತ್ತು ಅವರು ಎಂಥಾ ದೀರ್ಘ ಪ್ರಾರ್ಥನೆ ಮಾಡುವರೋ ಎಂದು ಒಬ್ಬನು ಮರೆಯಾಗಿ ನಿಂತು ಆಲಿಸಿದನಂತೆ. ಬೆಂಗೆಲರು ಬಹಳ ಹೊತ್ತು ವೇದವನ್ನು ಓದಿ ಮುಚ್ಚಿ, ತಮಗೂ ಕರ್ತನಿಗೂ ಇರುವ ಸಂಬಂಧವು ಮೊದಲಿನಂತೆಯೇ ಇದೆ ಎಂಬದನ್ನು ಮಾತ್ರ ಒಂದು ಮಾತಿನಲ್ಲಿ ಹೇಳಿ, ದೀಪವನ್ನು ಆರಿಸಿ ಮಲಗಿದರೆಂದು ಹೇಳುವದುಂಟು. ಸಾಯುವಾಗ ಸುತ್ತಲೂ ಜನರನ್ನು ಕೂಡಿಸಿ ದೊಡ್ಡ ದೊಡ್ಡ ಮಾತುಗಳನ್ನಾಡುವದು ಅವರಿಗೆ ಇಷ್ಟವಿರಲಿಲ್ಲ. ಕೆಲಸದ ಮಧ್ಯದಲ್ಲಿರುವವನನ್ನು ಯಾರೋ ಬಾಗಿಲಿಗೆ ಕರೆದಾಗ ಅವನು ಎದ್ದು ಹೋಗುವಂತೆ ತಾವೂ ಹೋಗಬೇಕೆಂಬದೇ ಅವರ ಅಪೇಕ್ಷೆಯಾಗಿತ್ತು. ಹಾಗೆಯೇ ಆಯಿತು. ಜರ್ಮನ್ ಭಾಷೆಗೆ ತಾವು ತಿರುಗಿಸಿದ್ದ ಹೊಸ ಒಡಂಬಡಿಕೆಯ ಅಚ್ಚಿನ ಕರಡುಗಳನ್ನು ಕೊನೆಯ ದಿವಸಗಳ ವರೆಗೂ ತಿದ್ದುತ್ತಿದ್ದು, ೧೭೫೨ ನವೆಂಬರ್ ೨ರಂದು ಸ್ಟುಟ್ಗಾರ್ಟ್ ಪಟ್ಟಣದಲ್ಲಿ ನಿದ್ರೆಹೋದರು.

ಆ ಮೇಲೆ ಅವರ ಪುಸ್ತಕಗಳು ಎರಡು ದಾರಿಗಳಲ್ಲಿ ಹೋದವು. ಒಂದು ದಾರಿಯು ಇಂಗ್ಲೆಂಡಿಗೆ. ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು ೧೭೫೫ರಲ್ಲಿ ತನ್ನ ಬೋಧಕರಿಗಾಗಿ ಹೊಸ ಒಡಂಬಡಿಕೆಯ ಟಿಪ್ಪಣಿಗಳನ್ನು ಪ್ರಕಟಿಸಿದಾಗ, ಅದರ ಬಹುಭಾಗವನ್ನು ಬೆಂಗೆಲರ ಗ್ನೋಮೋನಿನಿಂದ ತೆಗೆದುಕೊಂಡನು. ಪ್ರಕಟನೆಯ ಟಿಪ್ಪಣಿಗಳಂತೂ ಹೆಚ್ಚು ಕಡಿಮೆ ಬೆಂಗೆಲರವೇ. ಆದರೆ ಅವುಗಳಲ್ಲಿರುವ ಪ್ರತಿಯೊಂದಕ್ಕೂ ತಾನು ಹೊಣೆಯಲ್ಲವೆಂದು ವೆಸ್ಲಿಯು ಮುನ್ನುಡಿಯಲ್ಲಿ ತಿಳಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಸಭೆಗಳನ್ನು ಸ್ಥಾಪಿಸಿ ಶಿವಮೊಗ್ಗೆಗೂ ಬಂದ ವೆಸ್ಲಿಯನ್ ಮಿಶನ್ನಿನ ಅಯ್ಯನವರುಗಳಿಗೆ ಈ ಟಿಪ್ಪಣಿಗಳ ಪುಸ್ತಕವು ಉಪದೇಶದ ಅಳತೆಗೋಲಾಗಿತ್ತು.

ಇನ್ನೊಂದು ದಾರಿಯು ವ್ಯುರ್ಟೆಂಬೆರ್ಗಿನ ಹಳ್ಳಿಗಳಿಗೆ. ಅಲ್ಲಿನ ರೈತರು ಬೆಂಗೆಲರ ಪ್ರಸಂಗಗಳನ್ನು ಮನೆಗಳಲ್ಲಿ ಕೂಡಿ ಓದಿದರು. ಆದರೆ ತಪ್ಪನ್ನು ಹುಡುಕಬೇಕೆಂದು ಅವರು ಬರೆದ ಮಾತನ್ನು ಅನೇಕರು ಮರೆತು, ೧೮೩೬ ಎಂಬದನ್ನು ಮಾತ್ರ ನೆನಪಿಟ್ಟುಕೊಂಡರು. ೧೮೧೫ರ ಏಪ್ರಿಲಿನಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಬೆಂಕಿಯ ಬೆಟ್ಟವು ಸಿಡಿದು, ಅದರಿಂದೆದ್ದ ಪದಾರ್ಥಗಳು ಆಕಾಶವನ್ನು ಕವಿದವು. ಮರುವರುಷ ಯೂರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆಗಳು ಕೆಟ್ಟು ಕ್ಷಾಮವಾಯಿತು. ಕಾರಣವನ್ನರಿಯದ ಹಸಿದ ಜನರಿಗೆ ಅಂತ್ಯವು ಸಮೀಪಿಸಿತೆಂದು ತೋರಿದ್ದು ಆಶ್ಚರ್ಯವಲ್ಲ. ಆರಾಧನೆಯ ಕ್ರಮದಲ್ಲಿ ಸರಕಾರವು ಮಾಡಿದ ಬದಲಾವಣೆಗಳೂ ಅವರನ್ನು ನೋಯಿಸಿದ್ದವು. ಪೂರ್ವದಿಕ್ಕಿನಲ್ಲಿ ಆಶ್ರಯಸ್ಥಾನವಿದೆ ಎಂಬ ನಿರೀಕ್ಷೆಯಿಂದ ೧೮೧೭ರಲ್ಲಿ ಸಾವಿರಾರು ಮಂದಿ ಹೊಲಮನೆಗಳನ್ನು ಮಾರಿ, ಹೆಂಡತಿ ಮಕ್ಕಳೊಂದಿಗೆ ದೋಣಿಗಳಲ್ಲಿ ಡಾನ್ಯೂಬ್ ನದಿಯನ್ನು ಇಳಿದು, ರಷ್ಯಾ ದೇಶದ ಕಾಕಸಸ್ ಬೆಟ್ಟಗಳ ಕಡೆಗೆ ಹೊರಟರು. ನದಿಯ ಮುಖದ ಬಳಿಯಲ್ಲಿರುವ ಇಸ್ಮಾಯಿಲ್ ಎಂಬಲ್ಲಿ ಅವರನ್ನು ತಡೆದು ಇರಿಸಿದಾಗ ರೋಗವು ಹಬ್ಬಿ ಬಹು ಜನರು ಸತ್ತರು. ಲೆಕ್ಕವನ್ನು ಬರೆದವರು ಅರುವತ್ತೈದು ವರುಷಗಳ ಹಿಂದೆಯೇ ಸಮಾಧಾನದಿಂದ ನಿದ್ರೆಹೋಗಿದ್ದರು. ಅದರ ಬೆಲೆಯನ್ನು ತೆತ್ತವರು ಓದಿದವರ ಮೊಮ್ಮಕ್ಕಳು. ಬೋಧಿಸುವವರು ಈ ಮಾತನ್ನು ಹೃದಯದಲ್ಲಿ ಇಟ್ಟುಕೊಳ್ಳಬೇಕು. ಪ್ರಸಂಗಿಯು ಹೇಳಿ ಹೋಗುವನು, ಗುಂಡಿಯು ರೈತನ ಹೊಲದಲ್ಲಿ ಉಳಿಯುವದು.

ಆದರೂ ಅದೇ ಸೀಮೆಯ ಅದೇ ನಿರೀಕ್ಷೆಯು ಬೇರೆಯವರಲ್ಲಿ ಬೇರೆ ಫಲವನ್ನು ಕೊಟ್ಟಿತು. ಕರ್ತನು ಬರುವನಾದರೆ ಆತನ ಹೆಸರನ್ನು ಕೇಳದ ಜನಾಂಗಗಳಿಗೆ ಅದನ್ನು ತಿಳಿಸಬೇಕಲ್ಲವೇ ಎಂದು ಭಕ್ತರು ಎದ್ದರು. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಮಿಶನ್ನಿಗೆ ಜನರೂ ಹಣವೂ ಹೆಚ್ಚಾಗಿ ಬಂದದ್ದು ವ್ಯುರ್ಟೆಂಬೆರ್ಗಿನಿಂದಲೇ. ೧೮೩೪ರಲ್ಲಿ ಆ ಮಿಶನ್ನಿನ ಮೂವರು ಮಂಗಳೂರಿಗೆ ಬಂದು ಇಳಿದರು.

ಕೊನೆಗೆ ೧೮೩೬ನೇ ವರುಷವು ಬಂತು. ಜೂನ್ ೧೮ ಬಂತು, ಹೋಯಿತು. ಸೂರ್ಯನು ಎಂದಿನಂತೆ ಹುಟ್ಟಿ ಎಂದಿನಂತೆ ಮುಳುಗಿದನು. ಆದರೆ ಅದೇ ೧೮೩೬ರಲ್ಲಿ, ಬೆಂಗೆಲರು ಓದಿದ ಟ್ಯುಬಿಂಗೆನ್ ವಿದ್ಯಾಶಾಲೆಯಲ್ಲಿಯೇ ಓದಿದ, ಅದೇ ಸೀಮೆಯ ಒಬ್ಬ ಯೌವನಸ್ಥನು ಹಡಗು ಹತ್ತಿ ಮಂಗಳೂರಿಗೆ ಬಂದನು. ಆತನೇ ಹೆರ್ಮನ್ ಮೋಗ್ಲಿಂಗ್ ಅಯ್ಯನವರು. ೧೮೪೩ ಜುಲೈ ೧ರಂದು ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಹೊರಡಿಸಿದವರೂ, ಓಲೆಗರಿಗಳಲ್ಲಿದ್ದ ಕನ್ನಡದ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರೂ ಅವರೇ. ಲೋಕವು ಮುಗಿಯುವದೆಂದು ಜನರು ಕಾದಿದ್ದ ವರುಷದಲ್ಲಿ ಕನ್ನಡ ನಾಡಿನಲ್ಲಿ ಒಂದು ಕೆಲಸವು ಆರಂಭವಾಯಿತು. ದೇವರ ಕಾರ್ಯಗಳನ್ನು ಕುರಿತು ಯೋಚಿಸುವವರಿಗೆ ಇಷ್ಟು ಸಾಕು.

ಕಾಲವನ್ನು ಎಣಿಸುವ ಆಶೆಯು ಪರದೇಶದವರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ನಾಡಿನಲ್ಲಿ ಕಾಲಜ್ಞಾನದ ವಚನಗಳನ್ನು ಹಾಡುವವರು ಹಿಂದಿನಿಂದಲೂ ಇದ್ದಾರೆ. ಮೈಲಾರದ ಕಾರಣೀಕವನ್ನು ಕೇಳಿ ಮಳೆ ಬೆಳೆಯ ಅರ್ಥವನ್ನು ಹುಡುಕುವವರು ನಮ್ಮ ಜಿಲ್ಲೆಯಲ್ಲಿಯೂ ಬಹಳ. ಬಾಸೆಲ್ ಮಿಶನ್ನಿನವರು ಧಾರವಾಡದ ಸೀಮೆಯಲ್ಲಿ ಕಾಲಜ್ಞಾನಿಗಳೆಂಬ ಪಂಗಡದವರನ್ನು ಕಂಡು, ಅವರ ನಿರೀಕ್ಷೆಯು ಸುವಾರ್ತೆಗೆ ಬಾಗಿಲಾಗುವದೆಂದು ಬಹಳವಾಗಿ ನಂಬಿ, ೧೮೪೧ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ನೆಲೆಯನ್ನು ಮಾಡಿದರು. ಆದರೆ ಎಣಿಸಿದಂತೆ ಜನರು ಬರಲಿಲ್ಲ. ಅಮೇರಿಕಾದಲ್ಲಿಯೂ ವಿಲಿಯಂ ಮಿಲ್ಲರ್ ಎಂಬವನ ಲೆಕ್ಕವನ್ನು ನಂಬಿದ ಜನರು ೧೮೪೪ ಅಕ್ಟೋಬರ್ ೨೨ರಂದು ಇಡೀ ದಿನ ಕಾದು ನಿರಾಶರಾದರು.

ಹಾಗಾದರೆ ಬೆಂಗೆಲರ ತಪ್ಪು ಎಲ್ಲಿತ್ತು? ಅವರೇ ಹುಡುಕಬೇಕೆಂದು ಹೇಳಿದ್ದರಿಂದ ಹುಡುಕುವದು ಅವಮರ್ಯಾದೆಯಲ್ಲ. ಕೂಡಿಸುವದರಲ್ಲಾಗಲಿ ಗುಣಿಸುವದರಲ್ಲಾಗಲಿ ಅವರು ತಪ್ಪಲಿಲ್ಲ. ೬೬೬ ಎಂಬದು ವರುಷಗಳ ಸಂಖ್ಯೆ ಎಂದು ಹಿಡಿದದ್ದೇ ತಪ್ಪು. ವೇದವಾದರೋ ಅದು ಮೃಗದ ಹೆಸರಿನ ಸಂಖ್ಯೆ, ಮನುಷ್ಯನ ಸಂಖ್ಯೆ ಎಂದು ತಿಳಿಸುತ್ತದೆ. ನಮ್ಮ ಪಂಡಿತರು ಕಟಪಯಾದಿ ಎಂಬ ಕ್ರಮದಿಂದ ಅಕ್ಷರಗಳಲ್ಲಿ ಅಂಕೆಗಳನ್ನು ಸೂಚಿಸುವಂತೆ, ಇಬ್ರಿಯರೂ ಗ್ರೀಕರೂ ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆಯನ್ನು ಕೊಟ್ಟಿದ್ದರು. ನೇರೋನ್ ಕೈಸರನ ಹೆಸರನ್ನು ಇಬ್ರಿಯ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ ೬೬೬ ಆಗುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ ೬೬೬ರ ಬದಲಾಗಿ ೬೧೬ ಎಂದು ಇದೆ. ಲಾಟಿನರಂತೆ ನೇರೋ ಎಂದು ಬರೆದು ಕೊನೆಯ ನಕಾರವನ್ನು ಬಿಟ್ಟರೆ, ಅದರ ಬೆಲೆಯಾದ ೫೦ ಕಳೆದು ಸರಿಯಾಗಿ ೬೧೬ ಉಳಿಯುತ್ತದೆ. ೧೮೩೦ರ ನಂತರದ ಕೆಲವೇ ವರುಷಗಳಲ್ಲಿ ಜರ್ಮನಿಯ ಪಂಡಿತರು ಈ ನೇರೋನ ಅರ್ಥವನ್ನು ಪ್ರಕಟಪಡಿಸಿದರು. ಇಂದು ಸತ್ಯವೇದದ ಪಂಡಿತರಲ್ಲಿ ಹೆಚ್ಚಿನವರು ಇದನ್ನು ಒಪ್ಪುತ್ತಾರೆ. ಪಾಠಭೇದಗಳನ್ನು ಹೋಲಿಸಿ ನೋಡುವ ವಿದ್ಯೆಯನ್ನು ಕಲಿಸಿದವರು ಬೆಂಗೆಲರು. ಅವರ ತಪ್ಪನ್ನು ತೋರಿಸಿದ ಸಾಕ್ಷಿಗಳಲ್ಲಿ ಒಂದು ಪಾಠಭೇದವೂ ಸೇರಿತು.

ಈ ಅರ್ಥದಿಂದ ಪ್ರಕಟನೆಯು ನಮಗೆ ದೂರವಾಗುವದಿಲ್ಲ, ಹತ್ತಿರವಾಗುತ್ತದೆ. ಯೋಹಾನನು ಪತ್ಮೋಸ್ ದ್ವೀಪದಿಂದ ಬರೆದದ್ದು ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಸಭೆಗಳಿಗೆ. ಆ ಪಟ್ಟಣಗಳಲ್ಲಿ ಕೈಸರನನ್ನು ದೇವರೆಂದು ಪೂಜಿಸುವ ಗುಡಿಗಳಿದ್ದವು. ಕಸುಬಿನವರ ಕೂಟಗಳೂ ಸಂತೆಯ ವ್ಯವಹಾರವೂ ಆ ಪೂಜೆಗಳೊಂದಿಗೆ ಹೆಣೆದುಕೊಂಡಿದ್ದವು. ಹೊಟ್ಟೆಯ ಪಾಡಿಗಾಗಿ ಅದಕ್ಕೆ ತಲೆಬಾಗುವದೋ, ಕುರಿಮರಿಯಾದಾತನಿಗೆ ನಂಬಿಗಸ್ತರಾಗಿ ನಷ್ಟವನ್ನು ತಾಳುವದೋ ಎಂಬದೇ ಅವರ ಮುಂದಿದ್ದ ಪ್ರಶ್ನೆ. ಮೃಗದ ಗುರುತು ಎಂದರೆ ಅದೇ. ಆದದರಿಂದ ರೇಶನ್ ಕಾರ್ಡಿನಲ್ಲಾಗಲಿ ಆಧಾರ್ ಸಂಖ್ಯೆಯಲ್ಲಾಗಲಿ ರೋಗ ಬಾರದಂತೆ ಹಾಕುವ ಚುಚ್ಚುಮದ್ದಿನಲ್ಲಾಗಲಿ ಆ ಗುರುತನ್ನು ಹುಡುಕಿ ಹೆದರಬೇಕಾದದ್ದಿಲ್ಲ. ಸುಳ್ಳು ಸಾಕ್ಷಿ ಹೇಳಿದರೆ ಭೂಮಿ ಸಿಕ್ಕುವದು, ಕರ್ತನ ಹೆಸರನ್ನು ಬಚ್ಚಿಟ್ಟರೆ ಕೆಲಸ ಸಿಕ್ಕುವದು ಎಂಬ ಗಳಿಗೆ ಬಂದಾಗ ಹೆದರಬೇಕು. ಬೆಂಗೆಲರಂತೆ ನಾವು ಇನ್ನೊಂದು ಸಭೆಯವರನ್ನು ಮೃಗವೆಂದು ಕರೆಯುವದೂ ಬೇಡ. ನಮ್ಮ ಸುಖದುಃಖಗಳಲ್ಲಿ ಪಾಲುಗಾರರಾದ ಕಥೋಲಿಕ ಸಹೋದರರು ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ನಮ್ಮ ನೆರೆಯವರೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಬಲ್ಲ ಹಿರಿಯರು ಸಭೆಗಳಲ್ಲಿದ್ದಾರೆ. ೧೯೧೮ರಲ್ಲಿ ಕಟ್ಟಲಾರಂಭಿಸಿದ ಆ ಕಾರ್ಖಾನೆಯಲ್ಲಿ ೧೯೨೩ರಿಂದ ಕಬ್ಬಿಣವು ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಇದ್ದಲನ್ನೂ ಸುಣ್ಣದ ಕಲ್ಲನ್ನೂ ದೊಡ್ಡ ಕುಲುಮೆಯ ಬಾಯಿಗೆ ಮೇಲಿನಿಂದ ಹಾಕುತ್ತಿದ್ದರು. ಹಾಕುವವನಿಗೆ ಒಳಗಿನದು ಕಾಣುತ್ತಿರಲಿಲ್ಲ. ಕಾಣುವದಿಲ್ಲವೆಂದು ಅವನು ಹಾಕುವದನ್ನು ಬಿಟ್ಟರೆ ಕುಲುಮೆ ಆರಿಹೋಗುತ್ತಿತ್ತು. ಸಮಯವಾದಾಗ ಕೆಳಗಿನ ಬಾಯಿಯನ್ನು ತೆರೆಯುವದು ಬೇರೆಯವನ ಕೆಲಸ. ಪತ್ಮೋಸಿನಲ್ಲಿ ಯೋಹಾನನು ಕಂಡ ಕರ್ತನ ಪಾದಗಳು ಕುಲುಮೆಯಲ್ಲಿ ಕಾಯಿಸಿದ ತಾಮ್ರದಂತೆ ಹೊಳೆಯುತ್ತಿದ್ದವಷ್ಟೆ. ಸಮಯವನ್ನು ಬಲ್ಲಾತನು ಆತನೇ. ನಮ್ಮ ಕೈಗೆ ಕೊಟ್ಟದ್ದು ಈ ಹೊತ್ತಿನ ಬುಟ್ಟಿ.

ಈ ಚರಿತ್ರೆಯನ್ನು ನಾನು ಆ ರೈತನ ಮನೆಯಲ್ಲಿ ಎರಡು ಸಾಯಂಕಾಲ ಕೂತು ಹೇಳಿದೆನು. ಇಸ್ಮಾಯಿಲಿನಲ್ಲಿ ಸತ್ತ ಮಕ್ಕಳ ಸಂಗತಿಗೆ ಬಂದಾಗ ಆತನ ಹೆಂಡತಿಯು ಕೆಲಸವನ್ನು ಬಿಟ್ಟು ಬಂದು ಬಾಗಿಲ ಬಳಿ ನಿಂತಳು. ಆತನು ಏನೂ ಹೇಳಲಿಲ್ಲ. ಬೆಂಗೆಲರು ಸಾಯುವ ವರೆಗೂ ಕರಡುಗಳನ್ನು ತಿದ್ದುತ್ತಿದ್ದದ್ದು ನಿಜವೋ ಎಂದು ಮಾತ್ರ ಕೇಳಿದನು. ನಿಜವೆಂದೆನು. ಮುಂದಿನ ಮಳೆಗಾಲದಲ್ಲಿ ಆ ದಾರಿಯಾಗಿ ಹೋಗುವಾಗ ಆ ಹೊಲದಲ್ಲಿ ಅಡಿಕೆ ಸಸಿಗಳು ನೆಟ್ಟಿದ್ದವು. ನಡುನಡುವೆ ನೆರಳಿಗಾಗಿ ಬಾಳೆಯನ್ನೂ ಹಾಕಿದ್ದರು. ನೀರು ಹೆಚ್ಚು ಕಾಲ ನಿಂತಿದ್ದ ಒಂದು ಮೂಲೆಯ ಗುಂಡಿಗಳು ಮಾತ್ರ ಕುಸಿದು ಬರಿದಾಗಿದ್ದವು.

ಪ್ರಿಯರೇ, ಕರ್ತನ ಬರೋಣವನ್ನು ನಿರೀಕ್ಷಿಸುವದನ್ನು ನಾವು ಬಿಡಬಾರದು. ಸಭೆಯು ಆ ನಿರೀಕ್ಷೆಯಿಂದಲೇ ಬದುಕುತ್ತದೆ. ಆದರೆ ಆತನು ಬಂದು ಬಾಗಿಲಲ್ಲಿ ಕರೆಯುವಾಗ ನಾವು ಬೆರಳುಗಳನ್ನು ಎಣಿಸುತ್ತಾ ಕೂತವರಾಗಿರದೆ, ಬೆಂಗೆಲ್ ಪಂಡಿತರಂತೆ ಕೈಕೆಲಸದ ಮಧ್ಯದಿಂದ ಎದ್ದು ಹೋಗುವವರಾಗಿರುವಂತೆ ದೇವರು ನಮಗೆಲ್ಲರಿಗೂ ಕೃಪೆ ಮಾಡಲಿ. ಆಮೆನ್.